ಕಿಸುಮುವಿನಲ್ಲಿ ಎಚ್‌ಐವಿ ಮನೆ ಭೇಟಿ: ದುಡ್ಡು ಕಟ್ಟುವ ಮುಂಚೆ ಓದಿ

ಉಡುಪಿ, ಮಂಗಳೂರಿನ ನರ್ಸಿಂಗ್ ಮಕ್ಕಳು, ಏಜೆನ್ಸಿಗೆ ದುಡ್ಡು ಕಟ್ಟಿ ಕೀನ್ಯಾಕ್ಕೆ ಹೋಗಿ ಎಚ್‌ಐವಿ ಇರುವವರ ಮನೆಗಳಿಗೆ ಭೇಟಿ ಕೊಡುವ ಸ್ವಯಂಸೇವೆ ಕಾರ್ಯಕ್ರಮದ ಬಗ್ಗೆ ನನ್ನನ್ನು ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೇ ಫೋನಿನಲ್ಲಿ ಹೇಳುವ ಬದಲು ಇಲ್ಲೇ ಬರೆಯುತ್ತಿದ್ದೇನೆ.

ನಾನು ಉಡುಪಿಯಲ್ಲಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಳಾದವಳು. ಒಂದು ಏಜೆನ್ಸಿಯ ಮೂಲಕ ಕೀನ್ಯಾದ ಕಿಸುಮುವಿಗೆ ಸ್ವಯಂಸೇವೆಗೆ ಹೋಗಿದ್ದೆ. ವಿಕ್ಟೋರಿಯಾ ಸರೋವರದ ದಡದ ಊರು ಅದು. ಕೀನ್ಯಾದಲ್ಲಿ ಎಚ್‌ಐವಿ ಅತಿ ಜಾಸ್ತಿ ಇರುವುದು ಈ ಸರೋವರದ ಕಡೆಯ ಹೋಮಾ ಬೇ, ಕಿಸುಮು, ಸಿಯಾಯಾ, ಮಿಗೋರಿಗಳಲ್ಲಿ. ಏಜೆನ್ಸಿಯ ಹೆಸರು ಬರೆಯುವುದಿಲ್ಲ. ಇಂಥ ಕಾರ್ಯಕ್ರಮ ನಡೆಸುವವರು ಬೇಕಾದಷ್ಟು ಜನ ಇದ್ದಾರೆ, ಯಾರ ಹತ್ತಿರ ಹೋದರೂ ಕೇಳಬೇಕಾದ ಪ್ರಶ್ನೆಗಳು ಇವೇ.

ಮೊದಲು ಒಳ್ಳೆಯದು. ನಮ್ಮನ್ನು ಮನೆಮನೆಗೆ ಕರೆದುಕೊಂಡು ಹೋಗುತ್ತಿದ್ದದ್ದು ಅಲ್ಲಿನ ಕಮ್ಯುನಿಟಿ ಹೆಲ್ತ್ ಪ್ರಮೋಟರ್. ನಮ್ಮ ಆಶಾ ಕಾರ್ಯಕರ್ತೆಯರು ಮಾಡುವಂಥ ಕೆಲಸ. 2023ರಲ್ಲಿ ಕೀನ್ಯಾ ಸರ್ಕಾರ ಇಂಥ ಸುಮಾರು ಒಂದು ಲಕ್ಷ ಜನರಿಗೆ ಕಿಟ್ ಕೊಟ್ಟು ಕೆಲಸಕ್ಕೆ ಇಳಿಸಿತು. ನಮ್ಮ ಜೊತೆಗಿದ್ದಾಕೆಗೆ ಆ ಓಣಿಯ ಪ್ರತಿ ಮನೆಯೂ ಗೊತ್ತು. ಯಾರ ಗಂಡನಿಗೆ ವಿಷಯ ತಿಳಿದಿದೆ, ಯಾರ ಅತ್ತೆಗೆ ತಿಳಿದಿಲ್ಲ, ಯಾವ ಮನೆಗೆ ಮಧ್ಯಾಹ್ನ ಹೋಗಬಾರದು, ಎಲ್ಲ ತಲೆಯಲ್ಲೇ ಇತ್ತು. ಒಳಗೆ ಹೋಗಿ ಕೂತು ಮೊದಲು ಮಕ್ಕಳ ಶಾಲೆ, ಜೋಳದ ಬೆಲೆ ಮಾತಾಡುತ್ತಿದ್ದರು. ಆಮೇಲೆ ನಾಲ್ಕು ಪ್ರಶ್ನೆ: ಕೆಮ್ಮು ಇದೆಯಾ, ಜ್ವರ ಬರುತ್ತಾ, ರಾತ್ರಿ ಬೆವರುತ್ತಾ, ತೂಕ ಇಳಿದಿದೆಯಾ. ಟಿಬಿ ಇದೆಯೋ ಎಂದು ನೋಡಲು ಈ ನಾಲ್ಕನ್ನು ಕೇಳಲೇಬೇಕು. ಕೊನೆಗೆ, ಬಿಡದೆ ತಗೊಳ್ಳುತ್ತಿದ್ದಾರಾ ಎಂದು ನೋಡಲು ಎಚ್‌ಐವಿ ಮಾತ್ರೆ ಎಣಿಸುವುದು.

ಒಬ್ಬ ಹೆಂಗಸು ಮಾತ್ರೆ ಡಬ್ಬಿಯನ್ನು ಹಳೇ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಹಿಟ್ಟಿನ ಡಬ್ಬದ ಹಿಂದೆ ಇಟ್ಟಿದ್ದಳು. ಬಟ್ಟೆ ಯಾಕೆ ಎಂದರೆ, ಪ್ಲಾಸ್ಟಿಕ್ ಡಬ್ಬಿ ಅಲ್ಲಾಡಿದರೆ ಮಾತ್ರೆ ಗಲಗಲ ಎನ್ನುತ್ತದೆ, ಆ ಸದ್ದು ಏನೆಂದು ಅಕ್ಕಪಕ್ಕದವರಿಗೆ ಗೊತ್ತು. ಬಿಚ್ಚಿ ಕೈಗೆ ಕೊಟ್ಟಳು. ಲೇಬಲ್ ಓದಿದೆ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ, ದಿನಕ್ಕೆ ಒಂದು. ತಯಾರಾದದ್ದು ಭಾರತದಲ್ಲಿ. ಎಚ್‌ಐವಿ ಚಿಕಿತ್ಸೆಯ ನಮ್ಮ ಎಆರ್‌ಟಿ ಕೇಂದ್ರಗಳಲ್ಲಿ ಉಚಿತವಾಗಿ ಕೊಡುವುದೂ ಇದೇ ಔಷಧ. ಬಿಡದೆ ತಗೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟದಲ್ಲೇ ಇದ್ದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಸೋಂಕು ಹರಡುವುದಿಲ್ಲ. ಇಷ್ಟು ಒಳ್ಳೆಯ ಔಷಧ ಕೈಯಲ್ಲಿದ್ದೂ ಅವಳು ಅದರ ಸದ್ದಿಗೆ ಹೆದರಬೇಕಾಗಿತ್ತು, ನೋಡಿ.

ಈಗ ನನಗೆ ಸಿಟ್ಟು ಬಂದ ವಿಷಯ. ಏಜೆನ್ಸಿಯವರು ನಮಗೆಲ್ಲ ಕಿತ್ತಳೆ ಬಣ್ಣದ ಟಿ-ಶರ್ಟ್ ಕೊಟ್ಟಿದ್ದರು. ಎದೆ ಮೇಲೆ ಎಚ್‌ಐವಿಯ ಗುರುತಾದ ಕೆಂಪು ರಿಬ್ಬನ್. ಅದನ್ನು ಹಾಕಿಕೊಂಡು ಐದಾರು ವಿದೇಶಿಯರು ಒಂದು ಮನೆಗೆ ನುಗ್ಗಿದರೆ ಇಡೀ ಓಣಿಗೆ ಡಂಗುರ ಸಾರಿದ ಹಾಗೆ ಅಲ್ವಾ? ಜೊತೆಗೆ ಫೋಟೋ. ನಮ್ಮ ದೇಶದ 2017ರ ಎಚ್‌ಐವಿ ಕಾಯ್ದೆಯಾಗಲಿ, ಕೀನ್ಯಾದ 2006ರ ಕಾಯ್ದೆಯಾಗಲಿ, ಒಬ್ಬರ ಎಚ್‌ಐವಿ ವಿಷಯವನ್ನು ಗುಟ್ಟಾಗಿಡಬೇಕು ಎಂದೇ ಹೇಳುತ್ತವೆ. ನಾನು ಸಾದಾ ಚೂಡಿದಾರ್ ಹಾಕಿಕೊಂಡು, ಒಬ್ಬಳೇ ಆ ಕಾರ್ಯಕರ್ತೆಯ ಜೊತೆ ಹೋಗುತ್ತೇನೆ ಎಂದು ಪಟ್ಟು ಹಿಡಿದೆ. ಒಪ್ಪಿದರು. ಆಮೇಲೆ ಮನೆಯವರು ಬಾಗಿಲು ಹಾಕಿಕೊಂಡು ಮನಬಿಚ್ಚಿ ಮಾತಾಡಿದರು.

ಹಾಗೆ ಹೋದಾಗಲೇ ನನ್ನ ನರ್ಸಿಂಗ್ ಉಪಯೋಗಕ್ಕೆ ಬಂದದ್ದು. ಒಬ್ಬ ಗರ್ಭಿಣಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕಬ್ಬಿಣಾಂಶದ ಮಾತ್ರೆಯನ್ನೂ ಎಚ್‌ಐವಿ ಮಾತ್ರೆಯನ್ನೂ ಒಟ್ಟಿಗೇ ನುಂಗುತ್ತಿದ್ದಳು. ಹಾಗೆ ಮಾಡಿದರೆ ಡೊಲುಟೆಗ್ರಾವಿರ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಊಟದ ಜೊತೆಗಾದರೆ ಎರಡನ್ನೂ ಒಟ್ಟಿಗೆ ತಗೊಳ್ಳಬಹುದು. ಇಲ್ಲದಿದ್ದರೆ ಕಬ್ಬಿಣಾಂಶದ ಮಾತ್ರೆಗೆ 2 ಗಂಟೆ ಮುಂಚೆ ಅಥವಾ 6 ಗಂಟೆ ನಂತರ ಎಚ್‌ಐವಿ ಮಾತ್ರೆ. ನಾನು ನೇರವಾಗಿ ಅವಳಿಗೆ ಹೇಳಲಿಲ್ಲ, ಕಾರ್ಯಕರ್ತೆಗೆ ಹೇಳಿದೆ. ಅವರು ಕ್ಲಿನಿಕ್ಕಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡು ಅವಳ ಭಾಷೆಯಲ್ಲೇ ತಿಳಿಸಿದರು. ಆ ಮನೆಗೆ ಮುಂದಿನ ತಿಂಗಳೂ ಹೋಗುವವರು ಅವರೇ, ನಾನಲ್ಲ.

ಊಟ, ವಸತಿ ಚೆನ್ನಾಗಿತ್ತು. ಒಂದು ಕುಟುಂಬದ ಜೊತೆ ಇದ್ದೆ. ಉಗಾಲಿ ಎಂಬ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಸೊಪ್ಪು, ಒಮೆನಾ ಎಂಬ ಪುಟ್ಟ ಒಣಮೀನು. ಮೀನು ತಿನ್ನುವ ಕರಾವಳಿಯವರಿಗೆ ಏನೂ ಕಷ್ಟವಿಲ್ಲ. ಚಪಾತಿ, ಚಹಾ ಅಲ್ಲೂ ಮಾಮೂಲು.

ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಳ್ಳಿ. ಪ್ರಮಾಣಪತ್ರ ಇಲ್ಲದೆ ವಾಪಸ್ ಬಂದರೆ ನಮ್ಮ ಏರ್‌ಪೋರ್ಟಿನಲ್ಲೇ ತಡೆಯುತ್ತಾರೆ. ಪ್ರವಾಸಿ ಅನುಮತಿಯಲ್ಲಿ ಸ್ವಯಂಸೇವೆ ಮಾಡಬಹುದೇ, ಬೇರೆ ಪಾಸ್ ಬೇಕೇ ಎಂದು ಏಜೆನ್ಸಿಯಿಂದ ಬರಹದಲ್ಲೇ ಉತ್ತರ ಪಡೆಯಿರಿ. ಬಾಯಿ ಮಾತು ಬೇಡ. ಮನೆ ಭೇಟಿಗೆ ಯಾರು ಬರಬೇಕು, ಯಾರು ಬೇಡ ಎಂದು ತೀರ್ಮಾನಿಸುವುದು ಯಾರು ಎಂದೂ ಕೇಳಿ. ಸ್ಥಳೀಯ ಕಾರ್ಯಕರ್ತೆ ಎಂಬ ಉತ್ತರ ಬರದಿದ್ದರೆ ಆ ಕಾರ್ಯಕ್ರಮ ಬಿಡಿ. ಇನ್ನೂ ಓದುತ್ತಿರುವ ಮಕ್ಕಳಿಗೆ ಇದಕ್ಕೆ ಹೋಗಿ ಎಂದು ನಾನು ಹೇಳುವುದಿಲ್ಲ. ಮೊದಲು ಇಲ್ಲಿನ ಎಆರ್‌ಟಿ ಕೇಂದ್ರದಲ್ಲಿ ಅನುಮತಿ ಕೇಳಿ, ಕೌನ್ಸೆಲರ್ ಪಕ್ಕ ಕೂತು ಕಲಿಯಿರಿ.

ಫೀಸು ವಿಮಾನದ ಟಿಕೆಟ್ ಬಿಟ್ಟು ಲಕ್ಷದ ಮೇಲಾಯಿತು. ಅದರಲ್ಲಿ ಆ ಕಾರ್ಯಕರ್ತೆಗೆ ಎಷ್ಟು ಹೋಯಿತು, ಮನೆ ಕೊಟ್ಟವರಿಗೆ ಎಷ್ಟು ಹೋಯಿತು ಎಂದು ಏಜೆನ್ಸಿಗೆ ಬರೆದು ಕೇಳಿದ್ದೇನೆ. ಟಿ-ಶರ್ಟ್, ಫೋಟೋ ಎರಡನ್ನೂ ನಿಲ್ಲಿಸುತ್ತೇವೆ ಎಂದು ಉತ್ತರ ಬಂದಿದೆ. ಲೆಕ್ಕ ಇನ್ನೂ ಬಂದಿಲ್ಲ. ಅದು ಬರುವ ತನಕ ಈ ಕಾರ್ಯಕ್ರಮಕ್ಕೆ ನನ್ನ ಕಡೆಯಿಂದ ಐದಕ್ಕೆ ಮೂರು ಅಂಕ.