ಬೇಗೂರಿನ ಶಾಸನ ನಡಿಗೆ: ಭಾನುವಾರ ಬೆಳಗ್ಗೆ ಮೂರು ಗಂಟೆಗಳ ಕಾಲ

ಬೆಂಗಳೂರಿನ ಬೇಗೂರಿಗೆ ಬಂದು ನಮಗೆ ಹನ್ನೊಂದು ವರ್ಷವಾಯಿತು. ನಾಗನಾಥೇಶ್ವರನ ಗುಡಿಗೆ ಸೋಮವಾರ ತಪ್ಪಿಸಿದವಳಲ್ಲ. ಆದರೆ ಅದೇ ಆವರಣದಲ್ಲಿರುವ ಶಾಸನದ ಕಲ್ಲಿನ ಮುಂದೆ ಒಂದು ನಿಮಿಷವೂ ನಿಂತಿರಲಿಲ್ಲ. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಈ ನಡಿಗೆಯ ವಿಷಯ ಬಂದಾಗ ಅತ್ತೆಯನ್ನೂ ಎಂಟನೇ ತರಗತಿಯ ಮಗನನ್ನೂ ಕರೆದುಕೊಂಡು ಹೋದೆ. ತಲೆಗೆ 250 ರೂಪಾಯಿ, ಮಕ್ಕಳಿಗೆ ದುಡ್ಡಿಲ್ಲ. ಬೆಳಗ್ಗೆ ಆರೂವರೆಗೆ ಗುಡಿಯ ಬಾಗಿಲಲ್ಲಿ ಸೇರಬೇಕು.

ನಡೆಸಿಕೊಟ್ಟ ಹುಡುಗ ರಾಜವಂಶಗಳ ಪಟ್ಟಿ ಹೇಳುತ್ತಾ ಕೂರಲಿಲ್ಲ. ಮೊದಲು ಎಲ್ಲರ ಕೈಗೂ ಒಂದು ಹಾಳೆ ಕೊಟ್ಟ. ಒಂದು ಕಡೆ ಇವತ್ತಿನ ಅಕ್ಷರ, ಪಕ್ಕದಲ್ಲಿ ಗಂಗರ ಕಾಲದ ಅಕ್ಷರ, ಹತ್ತು ಜೋಡಿ. ಆಮೇಲೆ ಟಾರ್ಚನ್ನು ಕಲ್ಲಿನ ಎದುರಿಗೆ ಹಿಡಿಯದೆ ಪಕ್ಕದಿಂದ ಓರೆಯಾಗಿ ಬಿಟ್ಟ. ಅಲ್ಲಿಯವರೆಗೆ ಬರೀ ಒರಟು ಕಲ್ಲಾಗಿದ್ದದ್ದು, ಗೀರುಗಳಲ್ಲಿ ನೆರಳು ತುಂಬಿಕೊಂಡು ಸಾಲುಸಾಲಾಗಿ ಅಕ್ಷರವಾಗಿ ಎದ್ದು ನಿಂತಿತು. 'ಗ' ಕಮಾನಿನ ಹಾಗಿದೆ. ಅದನ್ನು ಮೊದಲು ಹುಡುಕಿದವನು ನನ್ನ ಮಗ. ಅದರ ಹಿಂದೆ ಮುಂದೆ ಕೂಡಿಸುತ್ತಾ ಹೋಗಿ, ಹದಿನೈದು ನಿಮಿಷದಲ್ಲಿ ನಾವೆಲ್ಲ ಸೇರಿ ಓದಿದ್ದು ಎರಡೇ ಪದ: 'ಬೆಂಗಳೂರ ಕಾಳೆಗ'. ಯಾರೋ ಓದಿ ಹೇಳಿದ್ದರೆ ಮನೆಗೆ ಬರುವಷ್ಟರಲ್ಲಿ ಮರೆತುಬಿಡುತ್ತಿದ್ದೆವು.

ಈ ಶಾಸನ ಕ್ರಿ.ಶ. 890ರ ಸುಮಾರಿನದು. ಹೊಯ್ಸಳ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ 'ಬೆಂದಕಾಳೂರು' ಆಯಿತು ಎಂಬ ಕಥೆ ಕೇಳಿಕೊಂಡೇ ಬೆಳೆದವರು ನಾವು. ಬಲ್ಲಾಳ ಹುಟ್ಟುವುದಕ್ಕೆ ಇನ್ನೂರೈವತ್ತು ವರ್ಷಕ್ಕೂ ಮೊದಲೇ ಈ ಹೆಸರು ಇಲ್ಲಿ ಕಲ್ಲಿನ ಮೇಲೆ ಕೂತಿದೆ. "ಹಾಗಾದರೆ 1537ರಲ್ಲಿ ಕೆಂಪೇಗೌಡರು ಕಟ್ಟಿದ್ದು?" ಎಂದು ಮಗ ಕೇಳಿದ. ಕೋಟೆ ಪೇಟೆ ಕಟ್ಟಿದ್ದು ಅವರೇ, ಊರಿನ ಹೆಸರು ಅದಕ್ಕೂ ಹಳೆಯದು ಎಂದು ಹುಡುಗ ನಿಧಾನವಾಗಿ ಬಿಡಿಸಿ ಹೇಳಿದ.

ಇಷ್ಟರಲ್ಲಿ ಬಾಗಿಲ ಬಳಿ ಹೂ ಮಾರುವ ಅಜ್ಜಿ ಬುಟ್ಟಿ ಬಿಟ್ಟು ಹತ್ತಿರ ಬಂದರು. "ಅದ್ರಲ್ಲಿ ಏನ್ ಬರ್ದವ್ರೆ ಸಾಮಿ?" ಅಂದರು. ಅವನು ನಮ್ಮೆಲ್ಲರನ್ನೂ ಒಂದು ಕ್ಷಣ ಬಿಟ್ಟು ಅವರ ಕಡೆ ತಿರುಗಿ, "ಬೆಂಗಳೂರಲ್ಲಿ ಒಂದು ಕಾಳಗ ಆಗಿತ್ತಂತೆ ಅಜ್ಜಿ, ಅದ್ರಲ್ಲಿ ಇಲ್ಲಿ ಗಂಗರ ಅಧಿಕಾರಿ ಆಗಿದ್ದ ನಾಗತ್ತರನ ಕಡೆಯವ್ರು ಸತ್ರಂತೆ" ಅಂದ. "ಸತ್ತೋರ್ ಕಲ್ಲು ಅಂತ ನಮ್ಮತ್ತೆ ಹೇಳೋರು. ಯಾರು ಅಂತ ಗೊತ್ತಿರ್ಲಿಲ್ಲ" ಎಂದು ಅಜ್ಜಿ ಬುಟ್ಟಿಯಿಂದ ಎರಡು ಕಣಗಿಲೆ ತಂದು ಕಲ್ಲಿನ ಬುಡದಲ್ಲಿಟ್ಟರು. ಹೂ ಇಡಿ, ಎಣ್ಣೆ ಮಾತ್ರ ಸುರಿಯಬೇಡಿ, ಬಣ್ಣ ಬಳಿಯಬೇಡಿ, ಅಕ್ಷರ ಮುಚ್ಚಿಹೋಗುತ್ತದೆ ಎಂದು ಹುಡುಗ ಹೇಳಿದ. ಅಜ್ಜಿ ತಲೆಯಾಡಿಸಿದರು. ನನಗೆ ಇಡೀ ನಡಿಗೆಯಲ್ಲಿ ಇದೇ ದೊಡ್ಡದು.

ಬೇಗೂರಿನ ಇನ್ನೊಂದು ಹೆಸರಾಂತ ವೀರಗಲ್ಲು ಈಗ ಇಲ್ಲಿಲ್ಲ, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನೊಳಂಬರ ದೊರೆ ವೀರಮಹೇಂದ್ರನ ಮೇಲಿನ ಯುದ್ಧದಲ್ಲಿ ನಾಗತ್ತರ ಮಡಿದದ್ದು, ಗಂಗರ ದೊರೆ ಎರೆಯಪ್ಪ ಆಮೇಲೆ ಇರುಗ ಎಂಬವನಿಗೆ 'ನಾಗತ್ತರ' ಎಂಬ ಪಟ್ಟ ಕಟ್ಟಿ 'ಬೆಂಪೂರು ಹನ್ನೆರಡು' ಎಂಬ ಹಳ್ಳಿಗಳ ಗುಂಪನ್ನು ಕೊಟ್ಟದ್ದು ಅದರಲ್ಲಿದೆ. ಬೆಂಪೂರೇ ಇಂದಿನ ಬೇಗೂರು. ಆ ಹಳ್ಳಿಗಳ ಪಟ್ಟಿಯಲ್ಲಿ 'ಇಗ್ಗಲೂರು' ಎಂದು ಹುಡುಗ ಓದಿದಾಗ ಚಂದಾಪುರದ ಕಡೆಯಿಂದ ಬಂದಿದ್ದ ಒಬ್ಬರು, "ಅದು ನಮ್ಮೂರಲ್ವಾ!" ಎಂದು ಎದ್ದೇ ನಿಂತರು. ಹೆಸರು ಅದೇ, ಆದರೆ ಊರೂ ಅದೇ ಎಂದು ಹೇಳೋಕೆ ಇನ್ನೂ ಸಾಕ್ಷಿ ಬೇಕು ಎಂದು ಹುಡುಗ ತಡೆದ. ಖುಷಿಪಡಿಸೋಕೆ ಹೂಂ ಅನ್ನಬಹುದಿತ್ತು. ಅನ್ನಲಿಲ್ಲ, ಅದಕ್ಕೇ ಅವನ ಉಳಿದ ಮಾತುಗಳ ಮೇಲೂ ನನಗೆ ನಂಬಿಕೆ ಬಂತು.

ಗುಡಿಯ ವಾಸ್ತು, ಕೆರೆಯ ವಿಷಯವೂ ಬಂದವು. ಅವು ಸಾಧಾರಣ.

ಸರಿಪಡಿಸಿಕೊಳ್ಳಬೇಕಾದದ್ದೂ ಇದೆ. ನಲವತ್ತು ಜನರನ್ನು ಸೇರಿಸಿದ್ದು ಜಾಸ್ತಿಯಾಯಿತು. ಕಲ್ಲಿನ ಮುಂದೆ ಹತ್ತು ಜನ ನಿಂತರೆ ಹಿಂದಿನವರಿಗೆ ಟಾರ್ಚಿನ ಬೆಳಕೂ ಕಾಣದು. ಅತ್ತೆಗೆ ಮಂಡಿನೋವು, ಮೂರು ಗಂಟೆಯಲ್ಲಿ ಕೂರಲು ಸಿಕ್ಕಿದ್ದು ಗುಡಿಯ ಜಗುಲಿ ಮಾತ್ರ. ನಾಲ್ಕು ಮಡಚುವ ಸ್ಟೂಲ್ ತಂದಿದ್ದರೆ ಸಾಕಿತ್ತು. ಕೊನೆಯಲ್ಲಿ ಕೊಟ್ಟ ಕಿರುಹೊತ್ತಗೆ ಪೂರ್ತಿ ಇಂಗ್ಲಿಷಿನಲ್ಲಿದೆ. ಕನ್ನಡ ಶಾಸನದ ವಿವರ ಕನ್ನಡದಲ್ಲಿ ಇಲ್ಲದಿದ್ದರೆ ಆ ಹೂವಿನ ಅಜ್ಜಿಯ ಮೊಮ್ಮಕ್ಕಳು ಓದುವುದು ಹೇಗೆ? ಇದನ್ನು ಆಯೋಜಕರಿಗೂ ಬರೆದಿದ್ದೇನೆ, ಮುಂದಿನ ಸಲಕ್ಕೆ ಕನ್ನಡದ ಪ್ರತಿ ತರುತ್ತೇವೆ ಎಂದಿದ್ದಾರೆ.

ಐದಕ್ಕೆ ನಾಲ್ಕು. ಎಂಟು ವರ್ಷ ದಾಟಿದ ಮಕ್ಕಳಿದ್ದರೆ ಖಂಡಿತ ಕರೆದುಕೊಂಡು ಹೋಗಿ. ಗುಡಿಯೊಳಗೆ ಬರಿಗಾಲು, ಒಂಬತ್ತಕ್ಕೆಲ್ಲ ಕಲ್ಲುಚಪ್ಪಡಿ ಕಾಯುತ್ತದೆ. ಮೊದಲ ತಂಡದಲ್ಲೇ ಹೆಸರು ಬರೆಸಿ. ನಾವು ಬರುವ ಭಾನುವಾರ ಕಸ್ತೂರಬಾ ರಸ್ತೆಗೆ ಹೋಗಿ ನಾಗತ್ತರನ ಕಲ್ಲು ನೋಡುವವರಿದ್ದೇವೆ. ಅಕ್ಷರದ ಹಾಳೆಯನ್ನು ಅತ್ತೆ ಪಂಚಾಂಗದೊಳಗೆ ಮಡಚಿಟ್ಟುಕೊಂಡಿದ್ದಾರೆ.