ಸೋಲುವ ಆಟವನ್ನು ಉಳಿಸಿಕೊಳ್ಳೋಕೆ ಲಿಚೆಸ್ ಎಷ್ಟು ಉಪಯೋಗ?

ಚೆಸ್‌ನಲ್ಲಿ ದಾಳಿ ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಒಂದು ಪೀಸ್ ಹೋದ ಮೇಲೆ ಹೇಗೆ ಆಡಬೇಕು ಅಂತ ಹೇಳಿಕೊಡುವವರು ಕಮ್ಮಿ. ಆದರೆ ನಮ್ಮಂಥ ಸಾಮಾನ್ಯ ಆಟಗಾರರಿಗೆ ಅರ್ಧ ಪಾಯಿಂಟ್ (ಅಂದರೆ ಡ್ರಾ) ಸಿಗೋದು ಅಲ್ಲೇ ಜಾಸ್ತಿ, ಯಾಕಂದ್ರೆ ಎದುರಿನವರು ಗೆದ್ದಾಯ್ತು ಅಂದುಕೊಂಡು ಬೇಗ ಬೇಗ ಆಡೋಕೆ ಶುರುಮಾಡಿರುತ್ತಾರೆ. ಇದನ್ನು ಕಲಿಯೋಕೆ ಲಿಚೆಸ್ ಅನ್ನೋ ಆನ್‌ಲೈನ್ ಚೆಸ್ ತಾಣ ತುಂಬಾ ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ. ಒಂದು ಕೊರತೆ ಇದೆ, ಅದನ್ನೂ ಹೇಳುತ್ತೇನೆ.

ಗೊತ್ತಿಲ್ಲದವರಿಗೆ: ಲಿಚೆಸ್ ಅನ್ನು 2010ರಲ್ಲಿ ಫ್ರಾನ್ಸಿನ ಥಿಬೋ ಡುಪ್ಲೆಸಿ ಶುರುಮಾಡಿದರು. ಜಾಹೀರಾತಿಲ್ಲ, ಚಂದಾ ಇಲ್ಲ, ಜನ ಕೊಡುವ ದೇಣಿಗೆಯಿಂದ ನಡೆಯುತ್ತದೆ. ನಾನು ಇಲ್ಲಿ ಹೇಳುವುದೆಲ್ಲ ಪೂರ್ತಿ ಉಚಿತ.

ಮೊದಲು ಪಜಲ್ ನೋಡಿ. ಥೀಮ್‌ಗಳ ಪಟ್ಟಿಯಲ್ಲಿ 'ಡಿಫೆನ್ಸಿವ್ ಮೂವ್' ಅಂತ ಒಂದಿದೆ, 'ಈಕ್ವಾಲಿಟಿ' ಅಂತ ಇನ್ನೊಂದಿದೆ. ಎರಡನೆಯದು ನನಗೆ ಬಹಳ ಇಷ್ಟ. ಅಲ್ಲಿ ಗೆಲ್ಲಬೇಕಿಲ್ಲ, ಸೋಲುತ್ತಿರುವ ಆಟವನ್ನು ಡ್ರಾಗೋ ಸಮಕ್ಕೋ ತಂದರೆ ಸಾಕು. ಇವೆಲ್ಲ ಲಿಚೆಸ್‌ನಲ್ಲಿ ಜನ ನಿಜವಾಗಿ ಆಡಿದ ಆಟಗಳಿಂದಲೇ ತೆಗೆದವು, ಹಾಗಾಗಿ ನಮ್ಮ ಬೋರ್ಡಿನಲ್ಲೂ ನಾಳೆ ಬರಬಹುದಾದ ಪೊಸಿಷನ್‌ಗಳು. ಸ್ಟೇಲ್‌ಮೇಟ್ (ಚೆಕ್ ಇಲ್ಲ, ಆದರೆ ಆಡೋಕೆ ಒಂದು ನಡೆಯೂ ಇಲ್ಲದೆ ಆಗುವ ಡ್ರಾ), ನಿಲ್ಲದ ಚೆಕ್, ನಡುವೆ ತೂರಿಸುವ ಒಂದು ಚೆಕ್, ಎಲ್ಲ ಸಿಗುತ್ತವೆ. ಒಂದೇ ಮಾತು, ಥೀಮ್ ಆರಿಸಿಕೊಂಡು ಕೂತಾಗ ಉಳಿಸುವ ನಡೆ ಎಲ್ಲೋ ಇದೆ ಅಂತ ಮೊದಲೇ ಗೊತ್ತಿರುತ್ತದೆ. ನಿಜವಾದ ಆಟದಲ್ಲಿ ಯಾರೂ ಹಾಗೆ ಹೇಳೋದಿಲ್ಲ ಅಲ್ವಾ? ಆದ್ದರಿಂದ ಕೆಲವು ದಿನ ಥೀಮ್ ಹಾಕಿ, ಆಮೇಲೆ ಬೆರಕೆ ಪಜಲ್‌ಗೆ ಹೋಗಿ.

ಎಂಡ್‌ಗೇಮ್‌ಗೆ, ಅಂದರೆ ಕೆಲವೇ ಕಾಯಿ ಉಳಿದ ಕೊನೆಯ ಹಂತಕ್ಕೆ ಬಂದರೆ 'ಪ್ರಾಕ್ಟೀಸ್' ವಿಭಾಗದಲ್ಲಿ ಫಿಲಿಡೋರ್ ಪೊಸಿಷನ್ ಇದೆ. ಎದುರಾಳಿಗೆ ಒಂದು ರೂಕ್ ಮತ್ತು ಪಾನ್, ನಮಗೆ ಬರೀ ರೂಕ್, ನಮ್ಮ ರಾಜ ಪಾನಿನ ಮುಂದೆ. ನಮ್ಮ ರೂಕನ್ನು ನಮ್ಮ ಕಡೆಯಿಂದ ಮೂರನೇ ಸಾಲಿನಲ್ಲಿ ಇಟ್ಟು ಸುಮ್ನೆ ಕಾಯಬೇಕು. ಅವರ ರಾಜ ಆ ಸಾಲಿಗೆ ಬರೋಕಾಗೋದಿಲ್ಲ. ಬೇರೆ ದಾರಿಯಿಲ್ಲದೆ ಪಾನನ್ನು ಆ ಸಾಲಿಗೆ ತಳ್ಳಿದರೆ, ನಮ್ಮ ರೂಕ್ ತಕ್ಷಣ ಅವರ ಹಿಂದಿನ ತುದಿಗೆ ಹೋಗಿ ಚೆಕ್ ಮೇಲೆ ಚೆಕ್ ಕೊಡುತ್ತದೆ. ಅವರ ರಾಜನಿಗೆ ಅವಿತುಕೊಳ್ಳಲು ಜಾಗವೇ ಇರೋದಿಲ್ಲ, ಡ್ರಾ. ಇಷ್ಟು ಕೈಗೆ ಬಂದರೆ ಎಷ್ಟೋ ರೂಕ್ ಎಂಡ್‌ಗೇಮ್ ಉಳಿಯುತ್ತವೆ. ಅನಾಲಿಸಿಸ್ ಬೋರ್ಡಿನಲ್ಲಿ 7 ಅಥವಾ ಅದಕ್ಕಿಂತ ಕಮ್ಮಿ ಕಾಯಿ ಉಳಿದಾಗ ಟೇಬಲ್‌ಬೇಸ್ (ಮೊದಲೇ ಪೂರ್ತಿ ಲೆಕ್ಕ ಹಾಕಿಟ್ಟ ಪೊಸಿಷನ್‌ಗಳ ಸಂಗ್ರಹ) ತೆರೆದರೆ, ಯಾವ ನಡೆ ಡ್ರಾ, ಯಾವುದು ಸೋಲು ಅಂತ ಖಚಿತವಾಗಿ ತೋರಿಸುತ್ತದೆ. ಅಂದಾಜಿನ ಮಾತೇ ಇಲ್ಲ.

ಇನ್ನು ಯಾವುದೇ ಪೊಸಿಷನ್‌ನಿಂದ ಕಂಪ್ಯೂಟರ್ ಜೊತೆ ಆಟ ಮುಂದುವರಿಸಬಹುದು. ಸ್ಟಾಕ್‌ಫಿಶ್ ಅನ್ನೋ ಎಂಜಿನ್ (ಚೆಸ್ ಆಡುವ ಪ್ರೋಗ್ರಾಂ) 1ರಿಂದ 8ರವರೆಗಿನ ಮಟ್ಟಗಳಲ್ಲಿ ಸಿಗುತ್ತದೆ. 2016ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನ 3 ಮತ್ತು 4ನೇ ಆಟಗಳನ್ನು ಹಾಕಿಕೊಂಡು ನೋಡಿ. ಆಗಿನ ಚಾಂಪಿಯನ್ ಕಾರ್ಲ್‌ಸನ್ ಹಿಂಡುತ್ತಾ ಹೋಗುತ್ತಾರೆ, ಎದುರಾಳಿ ಕರ್ಯಾಕಿನ್ ಒಂದರಲ್ಲಿ 78 ನಡೆ, ಇನ್ನೊಂದರಲ್ಲಿ 94 ನಡೆ ತಡೆದು ಎರಡನ್ನೂ ಡ್ರಾ ಮಾಡುತ್ತಾರೆ. ಮಧ್ಯದಲ್ಲಿ ನಿಲ್ಲಿಸಿ ಕರ್ಯಾಕಿನ್ ಕಡೆಯಿಂದ ನೀವೇ ಆಡಿದಾಗ ಆ ತಾಳ್ಮೆ ಎಂಥದ್ದು ಅಂತ ಅರ್ಥವಾಗುತ್ತದೆ.

ಈಗ ಕೊರತೆ. ಇದು ಲಿಚೆಸ್ ಒಂದರದ್ದೇ ಅನ್ನೋಕಾಗಲ್ಲ, ಎಂಜಿನ್‌ಗಳ ಸ್ವಭಾವವೇ ಹಾಗೆ. ಎಂಜಿನ್ ಎದುರಾಳಿಯನ್ನು ತನ್ನಷ್ಟೇ ಗಟ್ಟಿ ಅಂದುಕೊಳ್ಳುತ್ತದೆ. ಹಾಗಾಗಿ ಸೋಲುವ ಪೊಸಿಷನ್‌ನಲ್ಲಿ ಅದು ಮೊದಲು ತೋರಿಸುವ ನಡೆ ಸೋಲನ್ನು ಮುಂದೂಡುತ್ತದೆ ಅಷ್ಟೇ, ಮನುಷ್ಯನಿಗೆ ಕಷ್ಟ ಕೊಡುವ ನಡೆ ಎಷ್ಟೋ ಸಲ ಪಟ್ಟಿಯಲ್ಲಿ ಕೆಳಗಿರುತ್ತದೆ. 1963–64ರ ಅಮೆರಿಕ ಚಾಂಪಿಯನ್‌ಷಿಪ್‌ನಲ್ಲಿ ಲ್ಯಾರಿ ಎವಾನ್ಸ್ ಅವರು ರೆಶೆವ್‌ಸ್ಕಿ ಎದುರು ಪೂರ್ತಿ ಸೋತ ಆಟದಲ್ಲಿ h4 ಮನೆಗೆ ಒಂದು ಪಾನ್ ತಳ್ಳಿದರು. ಸರಿಯಾಗಿ ಉತ್ತರಿಸಿದ್ದರೆ ಆಗಲೂ ಸೋಲೇ. ಆದರೆ ರೆಶೆವ್‌ಸ್ಕಿ ಕ್ವೀನಿನಿಂದ g3ರ ಪಾನ್ ತಿಂದರು. ಎವಾನ್ಸ್ ಕ್ವೀನನ್ನೇ ಚೆಕ್ ಕೊಟ್ಟು ಬಿಟ್ಟುಕೊಟ್ಟರು, ಮರುನಡೆಯಲ್ಲಿ ರೂಕನ್ನೂ ರಾಜನ ಪಕ್ಕಕ್ಕೆ ತಂದು ಚೆಕ್ ಕೊಟ್ಟರು. ತಿಂದರೆ ಸ್ಟೇಲ್‌ಮೇಟ್, ತಿನ್ನದಿದ್ದರೆ ಚೆಕ್ ನಿಲ್ಲೋದೇ ಇಲ್ಲ. ಡ್ರಾ! ಇಂಥ ಬಲೆ ಹೆಣೆಯೋದನ್ನು ಎಂಜಿನ್ ಅಂಕಿ ನೋಡಿ ಕಲಿಯೋಕಾಗಲ್ಲ.

ಅದಕ್ಕೆ ಕಂಪ್ಯೂಟರ್ 8ನೇ ಮಟ್ಟದಲ್ಲಿ ತಲೆ ಚಚ್ಚಿಕೊಳ್ಳೋದು ಬೇಡ, ಅದು ಬಲೆಗೆ ಬೀಳೋದಿಲ್ಲ. ಸೋಲುವ ಪೊಸಿಷನ್ ಒಂದನ್ನು ಹಾಕಿ, ನಿಮ್ಮಷ್ಟೇ ಆಡುವ ಗೆಳೆಯರಿಗೆ ಲಿಂಕ್ ಕಳಿಸಿ ಚಾಲೆಂಜ್ ಮಾಡಿ. 'ಫ್ರಮ್ ಪೊಸಿಷನ್' ಅಂತ ಆರಿಸಿದರೆ ಆಯಿತು. ಒಂದು ಆಟ ನೀವು ಉಳಿಸಿ, ಮುಂದಿನದರಲ್ಲಿ ಬಣ್ಣ ಬದಲಿಸಿ ನೀವು ಗೆಲ್ಲೋಕೆ ನೋಡಿ. ಗೆಲ್ಲಬೇಕಾದ ಕಡೆ ಕೂತಾಗ ನಿಮಗೆ ಯಾವ ನಡೆ ಕಿರಿಕಿರಿ ಮಾಡಿತು ಅಂತ ಬರೆದಿಟ್ಟುಕೊಳ್ಳಿ, ಮುಂದಿನ ಸಲ ಅದನ್ನೇ ನೀವು ಆಡಬಹುದು. ರೇಟಿಂಗ್ ಇಲ್ಲದ ಆಟ, 15 ನಿಮಿಷದ ಗಡಿಯಾರ ಇಟ್ಟರೆ ಯೋಚಿಸಲು ಸಮಯವೂ ಸಿಗುತ್ತದೆ.