ನೆಬ್ಯುಲೈಜರ್‌ಗಿಂತ ಮೊದಲು ಕೊಳ್ಳಬೇಕಾದ್ದು: ಮಕ್ಕಳ ಮಾಸ್ಕ್ ಇರುವ ಸ್ಪೇಸರ್

ಭತ್ತದ ಕೊಯ್ಲಿನ ಹೊತ್ತಿಗೆ ಗಂಗಾವತಿ, ಕಾರಟಗಿ ಸುತ್ತಮುತ್ತ ರೈಸ್ ಮಿಲ್ಲಿನ ಹೊಟ್ಟಿನ ಧೂಳು, ಹುಲ್ಲು ಸುಟ್ಟ ಹೊಗೆ, ಚಳಿಯ ನೆಗಡಿ ಮೂರೂ ಒಟ್ಟಿಗೆ ಬರುತ್ತವೆ. ಉಬ್ಬಸದ ಮಗು ಇರುವ ಮನೆಯವರು ಆಗ ಮೆಡಿಕಲ್ ಶಾಪಿನಲ್ಲಿ ಕೇಳುವುದು ಔಷಧಿಯನ್ನು ಮಂಜು ಮಾಡಿ ಕೊಡುವ ನೆಬ್ಯುಲೈಜರ್ ಮಷಿನ್. ಅದಕ್ಕಿಂತ ಮೊದಲು ಕೊಳ್ಳಬೇಕಾದ್ದು ಕೆಲವೇ ನೂರು ರೂಪಾಯಿಗೆ ಸಿಗುವ ಸ್ಪೇಸರ್ (ಇನ್‌ಹೇಲರಿಗೆ ಸಿಕ್ಕಿಸುವ ಟೊಳ್ಳು ಡಬ್ಬಿ) ಮತ್ತು ಅದಕ್ಕೆ ಕೂಡುವ ಬೇಬಿ ಮಾಸ್ಕ್. ಕರೆಂಟ್ ಬೇಡ, ಸದ್ದಿಲ್ಲ, ಶಾಲೆಯ ಚೀಲದಲ್ಲಿ ಹಿಡಿಸುತ್ತದೆ. ಸಾಧಾರಣ ಅಟ್ಯಾಕಿಗೆ ನೆಬ್ಯುಲೈಜರಿನಷ್ಟೇ ಕೆಲಸ ಮಾಡುತ್ತದೆ, ಎದೆಬಡಿತ ಅದರಷ್ಟು ಏರಿಸುವುದಿಲ್ಲ.

ಇನ್‌ಹೇಲರನ್ನು ನೇರವಾಗಿ ಬಾಯಿಗೆ ಇಟ್ಟು ಒತ್ತಿದರೆ ಔಷಧಿ ರಭಸದಿಂದ ಬಂದು ಗಂಟಲ ಹಿಂಭಾಗಕ್ಕೆ ಬಡಿಯುತ್ತದೆ. ಒತ್ತುವುದೂ ಉಸಿರು ಎಳೆಯುವುದೂ ಒಂದೇ ಕ್ಷಣಕ್ಕೆ ಕೂಡಿಬರಬೇಕು, ಸಣ್ಣ ಮಕ್ಕಳಿಗೆ ಅದು ಆಗದ ಮಾತು. ಸ್ಪೇಸರ್ ಆ ರಭಸವನ್ನು ತಗ್ಗಿಸಿ ಮಂಜನ್ನು ತನ್ನೊಳಗೆ ಹಿಡಿದಿಡುತ್ತದೆ, ಮಗು ತನ್ನ ಪಾಡಿಗೆ ಉಸಿರಾಡಿದರೂ ಔಷಧಿ ಶ್ವಾಸಕೋಶಕ್ಕೆ ಇಳಿಯುತ್ತದೆ.

ಕೊಳ್ಳುವಾಗ ವಾಲ್ವ್ ಇರುವುದನ್ನೇ ಕೇಳಿ. ಸಿಪ್ಲಾದ ಜೀರೋಸ್ಟ್ಯಾಟ್ ವಿಟಿ ಈ ಬಗೆಯದು: ಪಾರದರ್ಶಕ, ಆಂಟಿಸ್ಟ್ಯಾಟಿಕ್ (ಔಷಧಿಯನ್ನು ಗೋಡೆಗೆ ಸೆಳೆಯುವ ಸ್ಥಾಯಿ ವಿದ್ಯುತ್ ಹುಟ್ಟದಂಥದ್ದು). ಬೆಳಕಿಗೆ ಹಿಡಿದು ನೋಡಿದರೆ ಬಾಯಿ ಇಡುವ ಕಡೆ ತೆಳು ಪೊರೆಯಂಥ ವಾಲ್ವ್ ಕಾಣುತ್ತದೆ. ಉಸಿರು ಎಳೆದಾಗ ಅದು ತೆರೆದುಕೊಳ್ಳಬೇಕು, ಬಿಟ್ಟಾಗ ಮುಚ್ಚಿಕೊಳ್ಳಬೇಕು. ಅಂಚು ಮಡಚಿಕೊಂಡಿದ್ದರೆ ಬೇರೆಯದನ್ನು ಕೇಳಿ. ಮಾಸ್ಕನ್ನು ಸಾಮಾನ್ಯವಾಗಿ ಬೇರೆಯಾಗಿಯೇ ಕೊಳ್ಳಬೇಕು. ಈ ಪದಾರ್ಥದ ಬಗ್ಗೆ ನಮ್ಮ ಮೊದಲ ತಕರಾರು ಅದೇ. ಸ್ಪೇಸರ್ ಸಿಕ್ಕ ಅಂಗಡಿಯಲ್ಲಿ ಮಾಸ್ಕ್ ಸಿಗುವುದಿಲ್ಲ, ಸಿಕ್ಕರೂ ಅಳತೆ ಸರಿಹೋಗುವುದಿಲ್ಲ. ಸಾಧ್ಯವಾದರೆ ಮಗುವನ್ನೇ ಕರೆದುಕೊಂಡು ಹೋಗಿ. ಮೂಗಿನ ದಿಂಡಿನಿಂದ ಗದ್ದದವರೆಗೆ ಮಾಸ್ಕ್ ಕೂತು ಕಣ್ಣಿಗೆ ತಾಗದಿದ್ದರೆ ಅದೇ ಸರಿಯಾದ ಅಳತೆ. 4 ವರ್ಷ ತುಂಬಿದ ಮೇಲೆ ತುಟಿ ಬಿಗಿಹಿಡಿಯುವುದು ಬಂದರೆ ಮಾಸ್ಕ್ ತೆಗೆದು ಮೌತ್‌ಪೀಸ್‌ಗೆ ಬನ್ನಿ, ಔಷಧಿ ಇನ್ನೂ ಚೆನ್ನಾಗಿ ಇಳಿಯುತ್ತದೆ.

ಕೊಡುವ ಕ್ರಮ ಹೀಗೆ. ಮಗುವನ್ನು ಕೂರಿಸಿಕೊಳ್ಳಿ, ಮಲಗಿಸಿ ಕೊಡಬೇಡಿ. ಇನ್‌ಹೇಲರನ್ನು ಚೆನ್ನಾಗಿ ಕುಲುಕಿ, ನೆಟ್ಟಗೆ ಸಿಕ್ಕಿಸಿ, ಮಾಸ್ಕನ್ನು ಮುಖಕ್ಕೆ ಒತ್ತಿ ಹಿಡಿದು ಒಂದೇ ಪಫ್ ಒತ್ತಿ, 5ರಿಂದ 10 ಉಸಿರು ಎಣಿಸಿ. ಅರ್ಧ ನಿಮಿಷ ಬಿಟ್ಟು ಮತ್ತೆ ಕುಲುಕಿ ಎರಡನೆಯದು. ಬೇಗ ಮುಗಿಯಲೆಂದು ಎರಡು ಪಫ್ ಒಟ್ಟಿಗೆ ಒತ್ತಿದರೆ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗಿ ಗೋಡೆಗೆ ಕೂರುತ್ತವೆ, ಮಗುವಿಗೆ ಸಿಗುವುದು ಕಡಿಮೆ. ಕೆನ್ನೆ ಮತ್ತು ಮಾಸ್ಕಿನ ನಡುವೆ ಸಣ್ಣ ಸಂದಿ ಇದ್ದರೂ ಮಗು ಅಲ್ಲಿಂದಲೇ ಗಾಳಿ ಎಳೆದುಕೊಳ್ಳುತ್ತದೆ, ಮಂಜು ಸ್ಪೇಸರಿನಲ್ಲೇ ಉಳಿಯುತ್ತದೆ. ಅಳುವ ಮಗುವಿಗೂ ಇದೇ ಗತಿ, ಔಷಧಿ ಬಹುಪಾಲು ಬಾಯಿ, ಗಂಟಲಲ್ಲೇ ನಿಲ್ಲುತ್ತದೆ. ಹಾಗಾಗಿ ಮಗು ಚೆನ್ನಾಗಿರುವ ದಿನಗಳಲ್ಲೇ ಬರೀ ಮಾಸ್ಕ್ ಹಿಡಿದು ಗೊಂಬೆಗೊಮ್ಮೆ, ಅವ್ವನಿಗೊಮ್ಮೆ, ತನಗೊಮ್ಮೆ ಎಂದು ಆಡಿಸಿ ರೂಢಿ ಮಾಡಿಸಿ.

ದಮ್ಮು ಹತ್ತಿದಾಗ ಎಷ್ಟು ಕೊಡಬೇಕೆಂದು ನಿಮ್ಮ ಮಕ್ಕಳ ಡಾಕ್ಟರ್ ಕೈಯಲ್ಲಿ ಮೊದಲೇ ಬರೆಸಿಕೊಂಡು ಗೋಡೆಗೆ ಅಂಟಿಸಿ. 5 ವರ್ಷದವರೆಗಿನ ಮಕ್ಕಳಿಗೆ ಸಾಮಾನ್ಯವಾಗಿ ಬರೆಯುವ ಲೆಕ್ಕ: ಪಫ್‌ಗೆ 100 ಮೈಕ್ರೋಗ್ರಾಂ ಇರುವ ಸಾಲ್ಬುಟಮಾಲ್ (ಉಸಿರುನಾಳ ಸಡಿಲಿಸುವ ಔಷಧಿ) 2 ಪಫ್, ಬೇಕೆನಿಸಿದರೆ 20 ನಿಮಿಷಕ್ಕೊಮ್ಮೆ ಇನ್ನೂ ಎರಡು ಸಲ. ಇನ್‌ಹೇಲರ್ ಮೇಲಿನ ಹೆಸರು ಓದಿ; ಲೆವೊಸಾಲ್ಬುಟಮಾಲ್ ಆದರೆ ಪಫ್‌ಗೆ 50 ಇರುತ್ತದೆ, ಎರಡೂ ಬೇರೆ ಬೇರೆ. ಎರಡು ಗಂಟೆಯೊಳಗೆ 6 ಪಫ್‌ಗಿಂತ ಹೆಚ್ಚು ಬೇಕಾಯಿತೆಂದರೆ, ಅಥವಾ ಸಿಕ್ಕ ಆರಾಮ ಮೂರು ನಾಲ್ಕು ಗಂಟೆಯೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ. ಪಕ್ಕೆ ಒಳಗೆ ಎಳೆದುಕೊಳ್ಳುವುದು, ಮಾತು ಅಥವಾ ಹಾಲು ಕುಡಿಯುವುದು ನಿಲ್ಲುವುದು, ತುಟಿ ನೀಲಿಯಾಗುವುದು, ಮಂಕಾಗಿ ಮಲಗುವುದು, ಸುಂಯ್ ಎನ್ನುತ್ತಿದ್ದ ಎದೆ ಸದ್ದಿಲ್ಲದೆ ಹೋಗಿ ಉಸಿರಾಟ ಮಾತ್ರ ಕಷ್ಟವಾಗುವುದು, ಇವುಗಳಲ್ಲಿ ಒಂದು ಕಂಡರೂ 20 ನಿಮಿಷ ಕಾಯಬೇಡಿ. 108ಕ್ಕೆ ಕರೆ ಮಾಡಿ, ಗಾಡಿ ಬರುವತನಕ ಪಫ್ ಕೊಡುತ್ತಲೇ ಇರಿ. ಎದೆ ಸದ್ದು ನಿಂತಿತೆಂದು ಸಮಾಧಾನಪಡುವವರೇ ಹೆಚ್ಚು. ಗಾಳಿಯೇ ಆಡದಿದ್ದಾಗಲೂ ಸದ್ದು ನಿಲ್ಲುತ್ತದೆ.

ದಿನಾ ಕೊಡಬೇಕೆಂದು ಬರೆದ ಸ್ಟಿರಾಯ್ಡ್ ಇನ್‌ಹೇಲರಿಗೂ ಇದೇ ಸ್ಪೇಸರ್ ಸಾಕು. ಅದಾದ ಮೇಲೆ ಬಾಯಿ ಮುಕ್ಕಳಿಸಿ, ಮಾಸ್ಕ್ ಬಳಸಿದ್ದರೆ ಮುಖ ಒರೆಸಿ. ಇನ್‌ಹೇಲರ್ ಚಟ ಹಿಡಿಸುತ್ತದೆ ಎಂಬ ಮಾತು ಸುಳ್ಳು. ಆ ಮಾತು ನಂಬಿ ದಿನದ ಔಷಧಿ ನಿಲ್ಲಿಸಿದ ಮನೆಗಳ ಮಕ್ಕಳೇ ಮತ್ತೆ ಮತ್ತೆ ವಾರ್ಡಿಗೆ ಬರುತ್ತಾರೆ.

ಸ್ಪೇಸರ್ ತೊಳೆಯುವಾಗ ತಪ್ಪುವವರೇ ಹೆಚ್ಚು. ಸಾದಾ ಪ್ಲಾಸ್ಟಿಕ್ ಬಟ್ಟೆಯಲ್ಲಿ ಉಜ್ಜಿದರೆ ಸ್ಥಾಯಿ ವಿದ್ಯುತ್ ಹುಟ್ಟಿ, ಔಷಧಿಯನ್ನು ಗೋಡೆಗೆ ಸೆಳೆದುಕೊಳ್ಳುತ್ತದೆ. ಬಾಚಣಿಗೆ ಕಾಗದದ ಚೂರನ್ನು ಎಳೆಯುವ ಹಾಗೆ. ಹೊಸದನ್ನು ಬಳಸುವ ಮುಂಚೆ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಅದ್ದಿ ತೆಗೆಯಿರಿ. ಸ್ಪೇಸರಿನ ಒಳಭಾಗವನ್ನು ನಲ್ಲಿ ನೀರಿನಲ್ಲಿ ಜಾಲಿಸಬೇಡಿ, ಒರೆಸಬೇಡಿ, ನೆರಳಲ್ಲಿ ತಾನಾಗಿ ಒಣಗಲಿ. ಬಾಯಿಗೆ ತಾಗುವ ಅಂಚನ್ನು ಮಾತ್ರ ಒರೆಸಿ. ಆಂಟಿಸ್ಟ್ಯಾಟಿಕ್ ಮಾದರಿಯಲ್ಲಿ ಈ ತೊಂದರೆ ಕಡಿಮೆ.

ಇನ್‌ಹೇಲರ್ ಡಬ್ಬಿಯನ್ನು ಏಪ್ರಿಲ್, ಮೇ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ಅದು ಒತ್ತಡದ ಗಾಳಿ ತುಂಬಿದ ಡಬ್ಬಿ. ಅದರಲ್ಲಿ ಸಾಮಾನ್ಯವಾಗಿ 200 ಪಫ್ ಇರುತ್ತವೆ, ಮುಗಿದ ಮೇಲೂ ಬರೀ ಗಾಳಿ ಹೊರಬರುತ್ತಲೇ ಇರುತ್ತದೆ. ಕೌಂಟರ್ ಇಲ್ಲದ ಡಬ್ಬಿಯಾದರೆ ಲೆಕ್ಕ ಬರೆದಿಡಿ. ನೀರಲ್ಲಿ ತೇಲಿಸಿ ನೋಡುವುದು ನಂಬಲರ್ಹವಲ್ಲ.

ಊರಿಗೆ ಹೋದಾಗ ಸ್ಪೇಸರ್ ಮರೆತರೆ 500 ಮಿಲಿಯ ಒಣಗಿದ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಇನ್‌ಹೇಲರ್ ಮೂತಿಯಷ್ಟೇ ತೂತು ಮಾಡಿ, ಸುತ್ತಲಿನ ಸಂದಿಯನ್ನು ಟೇಪಿನಿಂದ ಬಿಗಿಯಾಗಿ ಮುಚ್ಚಿ ಬಳಸಬಹುದು. ದಕ್ಷಿಣ ಆಫ್ರಿಕಾದ ವೈದ್ಯರು 1999ರಲ್ಲಿ ಇದನ್ನು ಮಕ್ಕಳಲ್ಲಿ ಪರೀಕ್ಷಿಸಿ, ಕೊಂಡ ಸ್ಪೇಸರಿನಷ್ಟೇ ಉಪಯೋಗವೆಂದು ತೋರಿಸಿದ್ದಾರೆ. ಆದರೆ ಅದಕ್ಕೆ ವಾಲ್ವ್ ಇಲ್ಲ, ಆ ಹೊತ್ತಿಗಷ್ಟೇ ಸಾಕು. ಕೊಂಡ ಸ್ಪೇಸರಿನ ವಾಲ್ವ್ ಗಟ್ಟಿಯಾದಾಗ, ಮಾಸ್ಕಿನ ಅಂಚು ಮೆದುತನ ಕಳೆದುಕೊಂಡಾಗ ಬದಲಿಸಬೇಕು, ದಿನಾ ಬಳಸಿದರೆ 6ರಿಂದ 12 ತಿಂಗಳಲ್ಲಿ. ಕೊಂಡ ತಾರೀಖನ್ನು ಮಾರ್ಕರಿನಲ್ಲಿ ಸ್ಪೇಸರಿನ ಮೇಲೆಯೇ ಬರೆದಿಡಿ.